ನೀರು ಹಾಕುವ ಆಯಿ

ಅಫಜಲಪುರದ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ನೀರು ಹಾಕಲು ಒಬ್ಬ ಆಯಿ ಇದ್ದಳು. ಗಣಿತದ ಪಿರಿಯಡ್ ಬಂತೆಂದರೆ ನಾವು ನೀರಡಿಕೆಯ ನೆಪ ಹೇಳಿ ಅವಳತ್ತ ಓಡುತ್ತಿದ್ದೆವು. ಬೊಗಸೆಗೆ ಸಣ್ಣಗೆ ಧಾರೆ ಬಿಡುತ್ತಾ, "ಸಾವಕಾಶ ಕುಡೀರೆಪ್ಪಾ, ಎದಿ ತಣ್ಣಗಾಗಲಿ" ಎನ್ನುತ್ತಿದ್ದಳು. ನಮ್ಮ ಅಂಜಿಕೆ ಅವಳಿಗೆ ಗೊತ್ತಿತ್ತು. ಗಣಿತದ ಮಾಸ್ತರರಿಗೆ ಮಾತ್ರ ಅದು ಕಳ್ಳಾಟ. ತಮ್ಮ ಪಿರಿಯಡ್ಡಿನಲ್ಲಿ ಯಾರೂ ನೀರಿಗೆ ಏಳಕೂಡದೆಂದು ಬೆತ್ತ ಬಡಿದು ಹುಕುಂ ಮಾಡಿದರು. ಅಂದೇ ನನ್ನ ಪಕ್ಕದ ಹುಡುಗಿ ಹೆದರಿ ಕುಳಿತಲ್ಲೇ ಉಚ್ಚೆ ಹೊಯ್ದುಕೊಂಡಳು. ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಮರುವಾರ ತಪಾಸಣೆಗೆ ಸಾಹೇಬರು ಬಂದರು. ಅವರು ನಮ್ಮ ತರಗತಿಗೆ ಕಾಲಿಡುವ ಮೊದಲೇ ಮಾಸ್ತರರು ಮೂರು ಸಲ ನೀರಿಗೆ ಎದ್ದರು. ಮೂರನೆಯ ಸಲ ಆಯಿ ನಮಗೆಲ್ಲ ಕೇಳುವಂತೆ ಹೇಳಿದಳು: "ಸಾವಕಾಶ ಕುಡೀರಿ ಸರ. ಹುಡುಗೂರ ಗಂಟಲಾನೂ ಹಿಂಗ ಒಣಗತಿತ್ತು."