ಹರಿಗೋಲಿನಲ್ಲಿ ಹೋದ ನೀರುನಾಯಿ

ಹೊನ್ನಾಳಿ ಹೊಳೆಯಲ್ಲಿ ಮೂವತ್ತು ವರ್ಷ ಹರಿಗೋಲು ಹಾಕಿದ ಅಲ್ಲಾಬಕ್ಷ್ ಸಾಬರಿಗೆ, ಹೆಂಡತಿ ಸೈದಾಬೀ ತೀರಿಕೊಂಡ ಮೇಲೆ ಹೊಳೆಯೂ ಬೇಡವಾಯಿತು. ಮಕ್ಕಳಿರಲಿಲ್ಲ. ಇನ್ನೊಂದು ನಿಕಾ ಮಾಡಿಕೊಳ್ಳಿ ಎಂದು ನೆಂಟರು ಕಿವಿ ಕಚ್ಚಿದರೆ ನಕ್ಕು ಮಾತು ತೇಲಿಸುತ್ತಿದ್ದರು. ಕೊನೆಗೆ ತಮ್ಮ ಸಣ್ಣ ಹರಿಗೋಲನ್ನು ಗಾಡಿಗೇರಿಸಿಕೊಂಡು ಬಸವಾಪಟ್ಟಣಕ್ಕೆ ಬಂದು, ಸಾಹುಕಾರ ನಾಗರಾಜಪ್ಪನವರ ತೋಟದಲ್ಲಿ ಕೆಲಸಕ್ಕೆ ನಿಂತರು. ಹೊಳೆ ಬಿಟ್ಟವರಿಗೆ ಹರಿಗೋಲು ಯಾಕೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಸಾಹುಕಾರರಿಗೆ ಪ್ರಾಣಿ ಸಾಕುವ ಹುಚ್ಚು. ಎರಡು ಜಿಂಕೆ, ಒಂದು ಮುದಿ ನವಿಲು, ಕಲ್ಲು ಕಟ್ಟಿದ ಕೊಳದಲ್ಲಿ ಜೋಡಿ ನೀರುನಾಯಿ. 1938ರ ಮಳೆಗಾಲದಲ್ಲಿ ಹೆಣ್ಣು ನೀರುನಾಯಿ ಸತ್ತಿತು. ಉಳಿದ ಗಂಡು ಕೊಳದ ಸುತ್ತ ಓಡಾಡಿಕೊಂಡು ಸಿಳ್ಳೆಯಂಥ ದನಿಯಲ್ಲಿ ಕೂಗುತ್ತಿತ್ತು. ಅಲ್ಲಾಬಕ್ಷ್ ಬಿಟ್ಟು ಬೇರೆಯವರು ಕೊಟ್ಟ ಮೀನು ಮುಟ್ಟದು. ಸಾಬರು ಅದನ್ನು ‘ಮಿಯಾ’ ಎಂದು ಕರೆದು, ರೊಟ್ಟಿ ತಿನ್ನುವಾಗ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಸೈದಾಬೀ ಹೋದ ಮೇಲೆ ಅವರ ಜೊತೆ ಊಟಕ್ಕೆ ಕೂತ ಜೀವ ಅದೊಂದೇ.

ಅಷ್ಟಿದ್ದೂ ಅದನ್ನು ಕಳಿಸಿಕೊಡಿ ಎಂದವರು ಅವರೇ. ನ್ಯಾಮತಿಯ ಓಂಕಾರಪ್ಪನವರ ಪ್ರಾಣಿ ತೋಟದಲ್ಲಿ ಒಂಟಿ ಹೆಣ್ಣು ನೀರುನಾಯಿ ಇದೆ ಎಂದು ಕೇಳಿದ್ದರು.

“ಕಳಿಸಿದ್ರೆ ನಿಮಗೆ ಬ್ಯಾಸರ ಆಗಲ್ವೇನ್ರೀ ಸಾಬ್ರೆ?” ಎಂದರು ನಾಗರಾಜಪ್ಪ.

“ನನ್ನ ಬ್ಯಾಸರಕ್ಕೆ ಅದನ್ಯಾಕೆ ಕಟ್ಟಿ ಹಾಕ್ಲಿ ಸಾವ್ಕಾರ್ರೆ?”

ಮುಂದಿನ ವರ್ಷದ ಬಿರುಬೇಸಿಗೆ. ದಾರಿಯಲ್ಲಿ ಮಿಯಾ ಒಣಗಬಾರದೆಂದು ಗಾಡಿಯ ಮೇಲೆ ಹರಿಗೋಲಿಟ್ಟು, ಅದರೊಳಗೆ ಗೇಣುದ್ದ ನೀರು ತುಂಬಿ, ಮೇಲೆ ಬಲೆ ಬಿಗಿದರು. ಸಾಬರ ತಪ್ಪು ನಡೆದದ್ದು ಇಲ್ಲೇ. ನೀರು ಒಳಗೆ ಬಾರದಂತೆ ಹರಿಗೋಲಿನ ತೊಗಲಿಗೆ ಹೊರಗಿನಿಂದ ಹರಳೆಣ್ಣೆ ಬಳಿಯುವುದು ಅವರ ಮೂವತ್ತು ವರ್ಷದ ರೂಢಿ. ಈ ಸಲ ನೀರಿರುವುದು ಒಳಗಲ್ಲವೇ? ಒಳಗೇ ಬಳಿದರು, ಧಾರಾಳವಾಗಿ ಬಳಿದರು.

ಹೊನ್ನಾಳಿ ಹೊಳೆ ಕಾಣುವ ಹೊತ್ತಿಗೆ ಮಿಯಾ ಗಡಗಡ ನಡುಗುತ್ತಿತ್ತು. ನೀರು ತಡೆಯಬೇಕಾದ ರೋಮವೆಲ್ಲ ಎಣ್ಣೆಗೆ ಮೆತ್ತಿಕೊಂಡು, ನೀರು ಸೀದಾ ಚರ್ಮಕ್ಕೆ ಇಳಿದಿತ್ತು. ಸಾಬರು ಹಣೆ ಹಣೆ ಬಡಿದುಕೊಂಡರು. ದಡದ ಗುಡಿಸಲಿನ ಚೌಡಕ್ಕನ ಬಾಗಿಲಿಗೆ ಓಡಿದರು.

“ಅಕ್ಕಾ, ಸೀಗೆಪುಡಿ ಐತೇನು? ನನ್ನ ಕೈಯಾರೆ ಅದನ್ನ ಕೊಂದಂಗಾಗ್ತೈತೆ!”

ಚೌಡಕ್ಕ ಬಾಣಂತಿಯರಿಗೆ, ಕೂಸುಗಳಿಗೆ ನೀರು ಹಾಕಿದ ಕೈ. ಮಿಯಾನನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ಸೀಗೆಪುಡಿ ಹಚ್ಚಿ ಮೂರು ಸಲ ತಿಕ್ಕಿದಳು. ಸಾಬರು ತಮ್ಮ ಶಾಲಿನಲ್ಲಿ ಒರೆಸಿ, ಅಂಗಿಯೊಳಗೆ ಎದೆಗವಚಿಕೊಂಡು ಆ ದಿನವೆಲ್ಲ ಅಲ್ಲೇ ಕೂತರು.

ಮರುದಿನ ಅದನ್ನು ಮಡಿಲಲ್ಲಿಟ್ಟುಕೊಂಡೇ ನ್ಯಾಮತಿ ಮುಟ್ಟಿದಾಗ ಮಿಯಾ ಚೇತರಿಸಿಕೊಂಡಿತ್ತು. ಆದರೆ ಅಲ್ಲಿನ ಕೊಳಕ್ಕೆ ಇಳಿಯಲೊಲ್ಲದು. ಹೆಣ್ಣು ನೀರುನಾಯಿ ಎರಡು ಸಲ ದಡಕ್ಕೆ ಬಂದು ಮೂಸಿ ಹೋಯಿತು. ಇದು ಮಾತ್ರ ಸಾಬರ ಮಡಿಲಿಗೇ ಅಂಟಿಕೊಂಡಿತ್ತು.

“ಸಂಜೀ ಮಟ ನೋಡಾಣ್ರಿ. ಕೂಡ್ಕೊಳ್ಳಲಿಲ್ಲ ಅಂದ್ರೆ ನೀವೇ ವಾಪಸ್ ಕರ್ಕೊಂಡು ಹೋಗ್ರಿ” ಎಂದರು ಓಂಕಾರಪ್ಪ.

ಸಾಬರಿಗೆ ಒಮ್ಮೆ ಆಸೆಯಾಯಿತು. ಸುಮ್ಮನೆ ಕೂತಿದ್ದರೆ ಸಾಕಿತ್ತು, ಮಿಯಾ ಅವರಿಗೇ ಉಳಿಯುತ್ತಿತ್ತು. ಎಂಥ ಮೊಂಡು ಮನುಷ್ಯ ನೋಡಿ: ಮಿಯಾನನ್ನು ಮಡಿಲಿನಿಂದ ಬಿಡಿಸಿ ನೆಲಕ್ಕಿಟ್ಟು, ಹಿಂದೆ ನೋಡದೆ ನಡೆದು, ತೋಟದ ಗೋಡೆಯ ಆಚೆ ಹೋಗಿ ಕುಳಿತರು.

ಒಳಗಿನಿಂದ ಸಿಳ್ಳೆ ಕೇಳಿತು, ಅವರನ್ನೇ ಕರೆಯುವ ಸಿಳ್ಳೆ. ಸಾಬರು ಕಿವಿ ಮುಚ್ಚಿಕೊಂಡು ಅತ್ತರು. ಬಹಳ ಹೊತ್ತಿನ ಮೇಲೆ ಕೈ ತೆಗೆದಾಗ ನೀರಿನ ಸದ್ದು ಮಾತ್ರ ಇತ್ತು.

ಓಂಕಾರಪ್ಪ ಬಾಗಿಲಿಗೆ ಬಂದರು. “ಎರಡೂ ಒಟ್ಟಿಗೆ ಈಜಾಕೆ ಹತ್ಯಾವೆ. ಬರ್ರಿ, ನೋಡ್ಕೊಂಡು ಹೋಗ್ರಿ.”

“ಬ್ಯಾಡ್ರಿ” ಎಂದರು ಅಲ್ಲಾಬಕ್ಷ್, ಎತ್ತಿನ ಹಗ್ಗ ಬಿಚ್ಚುತ್ತಾ. “ನನ್ನ ಕಂಡ್ರೆ ಮತ್ತೆ ನನ್ನ ಹತ್ರಾನೇ ಬರ್ತೈತೆ.”