ದನದ ಡಾಕ್ಟರ ಎಲೆಯಲ್ಲಿ ಉಂಡದ್ದು

ಮೈಸೂರಿನಿಂದ ಶಿರಸಿಗೆ ಬರುವುದಕ್ಕೆ ಪಾಸ್‌ಪೋರ್ಟ್ ಬೇಡ, ನಿಜ. ಆದರೆ ಬಂದ ಮೊದಲ ವಾರದಲ್ಲೇ ನಾನು ಪರದೇಶದಲ್ಲಿ ಇಳಿದಿದ್ದೇನೆ ಎಂಬುದು ಖಾತ್ರಿಯಾಯಿತು. ಖಾಸಗಿ ಕ್ಲಿನಿಕ್ಕೊಂದರಲ್ಲಿ ಹಲ್ಲಿನ ಡಾಕ್ಟರಾಗಿ ಸೇರಿದ್ದೆ. ಕುರ್ಚಿಯಲ್ಲಿ ಕೂತವರು ಹಲ್ಲು ತೋರಿಸುವ ಮೊದಲು "ನಿಂಗಕ್ಕಿಗೆ ಎಲ್ಲಾತು?" ಎನ್ನುತ್ತಿದ್ದರು. ಊರು ಯಾವುದು ಎಂದು ಅದರ ಅರ್ಥ. ಮೈಸೂರು ಎಂದರೆ ಅಯ್ಯೋ ಪಾಪ ಎನ್ನುವ ಮುಖ. ಎರಡನೆಯ ಪ್ರಶ್ನೆ, "ಒಬ್ರೇ ಇರ್ತ್ರಾ?" ಮೂರನೆಯದು ಏನೆಂದು ಹೇಳಬೇಕಿಲ್ಲ. ಅದು ಹೊರಬೀಳುವ ಮೊದಲೇ ನಾನು ಬಾಯೊಳಗೆ ಕನ್ನಡಿ ತೂರಿಸಿಬಿಡುತ್ತಿದ್ದೆ. ಎದುರಿನವರ ಬಾಯಿ ತೆರೆದಿರುವಷ್ಟು ಹೊತ್ತು ಮಾತ್ರ ನನಗೆ ಈ ಊರಿನಲ್ಲಿ ನೆಮ್ಮದಿ.

ಆ ಮೂರನೆಯ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲೆಂದೇ ನಾನು ಮೈಸೂರು ಬಿಟ್ಟದ್ದು. ಅಲ್ಲಿ ಅಮ್ಮ ಭಾನುವಾರಕ್ಕೊಬ್ಬ ಗಂಡನ್ನು ಕರೆಸುತ್ತಿದ್ದಳು. ಬಂದವರು ಉಪ್ಪಿಟ್ಟು ತಿಂದು, ನನ್ನ ಸಂಬಳ ಕೇಳಿ, ನನ್ನ ಎತ್ತರವನ್ನು ಕಣ್ಣಲ್ಲೇ ಅಳೆದು ಹೋಗುತ್ತಿದ್ದರು. ನನಗೆ ಗಂಡಸರ ಮೇಲೆ ಸಿಟ್ಟಿರಲಿಲ್ಲ, ಉಪ್ಪಿಟ್ಟಿನ ಮೇಲೂ ಇರಲಿಲ್ಲ. ಒಬ್ಬ ಮನುಷ್ಯನ ಜೊತೆ ಕೂತು ಕಾಫಿ ಕುಡಿಯಬೇಕು, ಹರಟಬೇಕು, ಇಷ್ಟವಾದರೆ ಇನ್ನೊಂದು ದಿನ ಸಿಗಬೇಕು, ಇಲ್ಲದಿದ್ದರೆ ಇಲ್ಲ. ಇಷ್ಟಕ್ಕೆ ಎರಡೂ ಮನೆಯ ಹಿರಿಯರು ಯಾಕೆ ಬೇಕು ಎನ್ನುವುದಷ್ಟೇ ನನ್ನ ತಕರಾರು.

ಅದಕ್ಕೆಂದೇ ಮೊಬೈಲಿನಲ್ಲಿ ಆ್ಯಪ್‌ಗಳಿವೆಯಲ್ಲ. ಶಿರಸಿಯ ಬಾಡಿಗೆ ಕೋಣೆಯಲ್ಲಿ ಕೂತು ಒಂದನ್ನು ತೆರೆದು ನೋಡಿದೆ. ಸಿಕ್ಕ ಗಂಡಸರಲ್ಲಿ ಅರ್ಧ ಜನ ಹುಬ್ಬಳ್ಳಿಯವರು. ಉಳಿದವರು ಹತ್ತಿರದವರೇ, ಆದರೆ ಒಬ್ಬೊಬ್ಬರಾಗಿ ನನ್ನ ಮುಂದೆ ಬಾಯಿ ತೆರೆದು ಕೂತು ಹೋದವರು. ಫೋಟೋದಲ್ಲಿ ಎಷ್ಟು ಚೆಂದ ನಕ್ಕರೂ ಹಿಂದಿನ ದವಡೆಯಲ್ಲಿ ಏನಿದೆ ಎಂದು ಬಲ್ಲವಳಿಗೆ ಪ್ರೇಮ ಹುಟ್ಟುವುದು ಕಷ್ಟ. ಹಲ್ಲು ತೋರಿಸದೆ, ಒಂದು ಎಮ್ಮೆಯ ಪಕ್ಕದಲ್ಲಿ ಗಂಭೀರವಾಗಿ ನಿಂತಿದ್ದವನು ಒಬ್ಬನೇ. ಯಲ್ಲಾಪುರದ ಕಡೆಯವನು. ಸಿದ್ದಾಪುರ ತಾಲ್ಲೂಕಿನಲ್ಲಿ ದನದ ಡಾಕ್ಟರು.

ಶಿರಸಿಯ ಒಂದು ಹೋಟೆಲಿನಲ್ಲಿ ಭೇಟಿಯಾದೆವು. ಬರುವ ಮೊದಲು ಕೈಯನ್ನು ಎಷ್ಟು ತಿಕ್ಕಿ ತೊಳೆದಿದ್ದನೋ, ಟೇಬಲ್ ತುಂಬ ಸೋಪಿನ ವಾಸನೆ. ಹೊಟ್ಟೆ ತುಂಬಿದೆ ಎಂದು ಇಬ್ಬರೂ ಸುಳ್ಳು ಹೇಳಿ ಒಂದೇ ಮಸಾಲೆದೋಸೆ ತರಿಸಿದೆವು. ಅದನ್ನೇ ಎರಡು ಕಡೆಯಿಂದ ಮುರಿದು ತಿನ್ನುತ್ತ ನಾನು ಷರತ್ತುಗಳನ್ನು ಹೇಳಿದೆ. ಮದುವೆಯ ಮಾತಿಲ್ಲ. ಮನೆಯವರಿಗೆ ಹೇಳುವಂತಿಲ್ಲ. ಸುಮ್ಮನೆ ತಿರುಗಾಟ, ಒಬ್ಬರಿಗೆ ಸಾಕೆನಿಸಿದ ದಿನ ಸಾಕು.

"ಅಡ್ಡಿಲ್ಲೆ" ಎಂದ ಅವನು. ಆಗಬಹುದು ಎಂದು. ಆಮೇಲೆ ಚಟ್ನಿ ಬಟ್ಟಲನ್ನು ನನ್ನ ಕಡೆಗೆ ಸರಿಸಿದ. ನಾವು ಒಬ್ಬರಿಗೊಬ್ಬರು "ನೀವು" ಎಂದೇ ಮಾತಾಡುತ್ತಿದ್ದೆವು. ಇಷ್ಟೊಂದು ಮರ್ಯಾದೆಯಿಂದ ಕದ್ದು ತಿರುಗಿದ ಜೋಡಿ ಇನ್ನೊಂದಿರಲಾರದು.

ತಿರುಗಾಟವೇನೋ ಶುರುವಾಯಿತು, ತಿರುಗುವುದಕ್ಕೆ ಜಾಗ ಎಲ್ಲಿದೆ? ಬನವಾಸಿಗೆ ಹೋದೆವು. ದೇವಸ್ಥಾನದ ಕಂಬದ ಪಕ್ಕ ಕೂತು ನಾನು ಇನ್ನೇನು ಅವನ ಕೈ ಹಿಡಿಯಬೇಕು, ಶುಂಠಿ ಗದ್ದೆಯ ಕಡೆಯಿಂದ ಒಬ್ಬರು ಓಡಿ ಬಂದರು. "ಛಲೋ ಸಿಕ್ರಿ ನೋಡ್ರಿ ಡಾಕ್ಟ್ರ! ಎಮ್ಮಿ ಮುಂಜಾನಿಂದ ಮೇವು ಮುಟ್ಟಿಲ್ರಿ, ಬರ್ರಿ ಬರ್ರಿ." ನಾನು ಹಿಡಿಯಬೇಕಿದ್ದ ಕೈ ಆ ಎಮ್ಮೆಯ ಬಾಯೊಳಗೆ ಹೋಯಿತು.

ಎಲ್ಲಿ ಬೈಕು ನಿಲ್ಲಿಸಿದರೂ ಇದೇ ಕತೆ. ನಾನು ಯಾರೆಂದು ಜನ ಕೇಳುವ ಮೊದಲೇ ಯಾರೋ ಉತ್ತರವನ್ನೂ ಕೊಟ್ಟುಬಿಟ್ಟಿದ್ದರು: "ಹೊಸ ಲೇಡಿ ಡಾಕ್ಟ್ರಡ." ದನದ ಆಸ್ಪತ್ರೆಗೆ ಹೊಸದಾಗಿ ಬಂದವಳಂತೆ ಎಂದು. ನಾನು ಡಾಕ್ಟರು ಹೌದು, ಲೇಡಿಯೂ ಹೌದು. ತಿದ್ದುವುದಕ್ಕೆ ಹೋಗಲಿಲ್ಲ. ದನಕ್ಕೆ ಸೂಜಿ ಚುಚ್ಚಿದಾಗ ಕ್ಯಾಲ್ಸಿಯಂ ಬಾಟಲಿ ಎತ್ತಿ ಹಿಡಿದು ನಿಂತೆ. ಎಂಥ ಒಳ್ಳೆಯ ಮರೆ ಸಿಕ್ಕಿತು, ಇಡೀ ತಾಲ್ಲೂಕಿನ ಕಣ್ಣಿಗೆ ಮಣ್ಣೆರಚಿದೆ ಎಂದು ಒಳಗೊಳಗೇ ಬೀಗಿದೆ.

ಅವನು ಕೊಟ್ಟಿಗೆಗೆ ಹೋದಾಗ ಮನೆಯ ಹೆಂಗಸರು ನನ್ನನ್ನು ಒಳಗೆ ಕರೆಯುತ್ತಿದ್ದರು. "ಬಾ ತಂಗಿ, ಆಸ್ರಿಗೆ ಎಂತ ಬೇಕು?" ಎಂದು ಕೇಳಿ, ಮಜ್ಜಿಗೆಯನ್ನೋ ಕಷಾಯವನ್ನೋ ಕುಡಿಸಿ, ಕೈಗೆ ಒಂದು ರಾಶಿ ಹಲಸಿನ ಸೊಳೆ ಕೊಟ್ಟು ಬೀಜ ಬಿಡಿಸಲು ಕೂರಿಸುತ್ತಿದ್ದರು. ಬಿಡಿಸುತ್ತ ಬಿಡಿಸುತ್ತ ಅಪ್ಪ ಏನು ಮಾಡುತ್ತಾರೆ, ತಮ್ಮ ಎಷ್ಟು ಓದಿದ್ದಾನೆ, ಸಗಣಿ ವಾಸನೆ ನಿನಗೆ ಆಗುತ್ತದೆಯೇ, ಎಲ್ಲ ವಿಚಾರಣೆ. ಹೊಸದಾಗಿ ಕೆಲಸಕ್ಕೆ ಬಂದವಳ ಮೇಲೆ ಇಷ್ಟೊಂದು ಅಕ್ಕರೆಯೇ ಎಂದುಕೊಂಡು ನಾನು ಇನ್ನೊಂದು ಸೊಳೆ ಕೈಗೆತ್ತಿಕೊಳ್ಳುತ್ತಿದ್ದೆ. ಹೊರಡುವಾಗ ಮುಡಿಗೆ ಹೂವು, ಹಣೆಗೆ ಕುಂಕುಮ. ಮೈಸೂರಿನಲ್ಲಿ ಯಾರೂ ನನ್ನನ್ನು ಇಷ್ಟು ಕೇಳಿದ್ದಿಲ್ಲ.

ಹೀಗಿರುವಾಗ ಮನ್ಮನೆ ಎಂಬ ಹಳ್ಳಿಯ ಒಂದು ಮನೆಯಿಂದ ಸತ್ಯನಾರಾಯಣ ಪೂಜೆಯ ಊಟಕ್ಕೆ ಹೇಳಿಕೆ ಬಂತು. ಆ ಮನೆಯ ಆಕಳನ್ನು ಅವನು ಹಿಂದೆ ಬದುಕಿಸಿಕೊಟ್ಟಿದ್ದ. ನನಗೂ ಕರೆ. ಮೊದಲ ಪಂಕ್ತಿ ಗಂಡಸರದು. ನಾನು ಆಫೀಸಿನವಳೆಂಬ ಲೆಕ್ಕದಲ್ಲಿ ಅವನ ಪಕ್ಕದಲ್ಲೇ ನನಗೂ ಎಲೆ ಹಾಕಿದರು. ಮನೆಯ ಹಿರಿಯಾಕೆ ತುಪ್ಪದ ಗಿಂಡಿ ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತ ಬರುತ್ತಿದ್ದರು. ಕಾಯಿಹೋಳಿಗೆ ಬಂದಿತ್ತು. ನನ್ನದು ಮುಗಿದಿತ್ತು. ಅವನು ತನ್ನದನ್ನು ಒಂದು ಚೂರು ಮುರಿದು ಬಾಯಿಗೆ ಇಟ್ಟಿದ್ದನಷ್ಟೇ, ಅಂಗಳದಿಂದ ಕೂಗು. ಪಕ್ಕದ ಮನೆಯಲ್ಲಿ ಆಕಳು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು. ಅವನು ಎದ್ದು ಕೈ ತೊಳೆದು ಓಡಿದ.

ಉಳಿದದ್ದು ಅವನ ಎಲೆ. ಅದರ ಮೇಲೆ ಚೂರು ಮುರಿದ ಹೋಳಿಗೆ, ಬಿಸಿ ಇನ್ನೂ ಆರಿರಲಿಲ್ಲ. ಅಂಥದ್ದನ್ನು ಎಸೆಯುತ್ತಾರಲ್ಲ ಎಂದು ನನಗೆ ಸಂಕಟವಾಯಿತು. ಅಷ್ಟು ದಿನ ದೋಸೆ, ಐಸ್‌ಕ್ರೀಂ, ಗೋಳಿಬಜೆ ಎಲ್ಲ ಒಂದೇ ತಟ್ಟೆಯಲ್ಲಿ ತಿಂದ ಕೈ. ಅದು ತಲೆಯನ್ನು ಕೇಳಲಿಲ್ಲ. ಅವನ ಎಲೆಯನ್ನು ನನ್ನ ಮುಂದಕ್ಕೆ ಎಳೆದುಕೊಂಡು, ಅವನು ಮುರಿದಿಟ್ಟ ಹೋಳಿಗೆಯಿಂದಲೇ ಶುರುಮಾಡಿದೆ.

ಸಾಲಿನಲ್ಲಿ ಸೊರ್ ಎನ್ನುವ ಸದ್ದು ನಿಂತಿತು. ಎದುರಿನವರು ಸಾರು ಕಲಸುವುದನ್ನು ಬಿಟ್ಟು ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಒಂದರ ಮೇಲೊಂದು ತಲೆಗಳು ಕಾಣಿಸಿಕೊಂಡವು. ಹಿರಿಯಾಕೆ ಗಿಂಡಿ ಹಿಡಿದು ನನ್ನ ಮುಂದೆ ನಿಂತೇ ಇದ್ದರು. ಆಮೇಲೆ, ನಿಧಾನವಾಗಿ, ಆ ಹೋಳಿಗೆಯ ಮೇಲೆ ಇನ್ನೊಂದಿಷ್ಟು ತುಪ್ಪ ಸುರಿದರು. ಹೊರಡುವಾಗ ಹೂವು ಕುಂಕುಮದ ಜೊತೆ ನನ್ನ ಮಡಿಲಿಗೆ ಒಂದು ತೆಂಗಿನಕಾಯಿ, ಹಸಿರು ರವಿಕೆ ಕಣ.

ದಾರಿಯಲ್ಲಿ ಅವನಿಗೆ ಕಣ ತೋರಿಸಿ, "ನೋಡಿ, ಎಷ್ಟು ಪ್ರೀತಿ ಈ ಜನಕ್ಕೆ" ಎಂದೆ. ಅವನು ಬೈಕು ನಿಲ್ಲಿಸಿದ.

"ಅಲ್ಲ, ಎಂತ ಮಾಡಿದ್ರಿ ನೀವು ಅಲ್ಲಿ?"

ಹೇಳಿದೆ. ಅವನು ಹಣೆ ಉಜ್ಜಿಕೊಂಡ. "ಗಂಡನ ಎಲೆಯಲ್ಲಿ ಹೆಂಡ್ತಿ ಉಣ್ತ. ಬೇರೆ ಯಾರೂ ಉಣ್ತ್ವಿಲ್ಲೆ. ಕಣನೂ ಹಾಂಗೆಯ, ನಿಶ್ಚಯ ಆದ ಕೂಸಿಗೆ ಕೊಡದು." ಮದುವೆ ನಿಶ್ಚಯವಾದ ಹುಡುಗಿಗೆ ಕೊಡುವಂಥದ್ದು ಎಂದು.

ಇದು ನನಗೆ ಗೊತ್ತಿರದ ಸಂಗತಿಯಲ್ಲ. ನಮ್ಮಜ್ಜಿ ಬದುಕಿದ್ದಷ್ಟು ದಿನವೂ ಅಜ್ಜನ ಎಲೆಯಲ್ಲೇ ಉಂಡವಳು, ಅದಕ್ಕೆ ಅವಳನ್ನು ಬೈದವಳೂ ನಾನೇ.

"ಅವರಿಗೆಲ್ಲ ನಾನು ಲೇಡಿ ಡಾಕ್ಟರಲ್ಲವೇ?"

"ಲೇಡಿ ಡಾಕ್ಟ್ರ ಹತ್ರ ಯಾರಾದ್ರೂ ಹಲಸಿನ ಸೊಳೆ ಬಿಡಿಸ್ತ್ವನ್ರೀ?" ಎಂದ ಅವನು. ಮೊದಲ ದಿನದಿಂದಲೂ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ನಾವು ನಾಚಿಕೊಳ್ಳದಿರಲಿ ಎಂದು ಅವರೇ ಆ ಕತೆ ಕಟ್ಟಿಕೊಟ್ಟಿದ್ದರು. ಸೊಳೆ ಬಿಡಿಸಿದ್ದೆಲ್ಲ ಪರೀಕ್ಷೆ. ಮೈಸೂರಿನಲ್ಲಿ ಒಂದು ಮನೆಯ ಹೆಣ್ಣು ನೋಡುವ ಶಾಸ್ತ್ರಕ್ಕೆ ಹೆದರಿ ಓಡಿಬಂದವಳನ್ನು ಇಲ್ಲಿ ಒಂದಿಡೀ ಸೀಮೆ ಸೇರಿ ನೋಡಿ ಮುಗಿಸಿತ್ತು!

ಮಾರನೆಯ ಬೆಳಿಗ್ಗೆ ಕ್ಲಿನಿಕ್ಕಿನ ಬೀಗ ತೆಗೆಯುತ್ತಿದ್ದೆ. ಎದುರಿನ ಟಯರ್ ಅಂಗಡಿಯ ಚಾಚಾ ಕೈ ಎತ್ತಿ, "ಮುಬಾರಕ್ ಮೇಡಂ! ನಮಗೆ ಒಂದ್ ಮಾತ್ ಹೇಳ್ಲಿಲ್ಲ ನೀವು" ಎಂದರು. ಹಾಲಿನ ಗಾಡಿಯ ಡ್ರೈವರ್ ಸಿದ್ದಾಪುರದಿಂದ ಹಾಲಿನ ಜೊತೆ ಸುದ್ದಿಯನ್ನೂ ಇಳಿಸಿ ಹೋಗಿದ್ದ. ಮಧ್ಯಾಹ್ನ ಸಿದ್ದಾಪುರದ ಕಡೆಯಿಂದ ಬಂದ ರೋಗಿಯೊಬ್ಬರು ಬಾಯಿ ಮುಕ್ಕಳಿಸಿ ಎದ್ದವರೇ, "ಛಲೋ ಆತು. ಡಾಕ್ಟ್ರು ಇಲ್ಲೇ ಸಂಸಾರ ಹೂಡಿದ್ರೆ ವರ್ಗ ಮಾಡಿಸ್ಕ್ಯಂಡು ಹೋಗ್ತ್ವಿಲ್ಲೆ. ನಮ್ಮ ದನಕ್ಕೆ ಚಿಂತಿಲ್ಲೆ" ಎಂದು ಹರಸಿದರು. ನನ್ನ ಮದುವೆಯಿಂದ ನನಗೇನು ಲಾಭವೋ ಗೊತ್ತಿಲ್ಲ, ಮೂರು ಹೋಬಳಿಯ ದನಗಳಿಗಂತೂ ಇತ್ತು.

ನನಗೆ ಮೈಯೆಲ್ಲ ಉರಿಯಿತು. ಫೋನು ಮಾಡಿ ಅವನ ಮೇಲೆ ಹರಿಹಾಯ್ದೆ. "ನಿಮಗೂ ಗೊತ್ತಿತ್ತು, ಸುಮ್ಮನಿದ್ದಿರಿ. ನನ್ನ ಷರತ್ತು ಏನಿತ್ತು? ಈಗಲೇ ಮನೆಮನೆಗೂ ಹೋಗಿ ಇಂಥದ್ದೇನೂ ಇಲ್ಲ ಎಂದು ಹೇಳಿ. ಇಲ್ಲಿಗೆ ಸಾಕು."

"ಹೇಳ್ತೆ" ಎಂದ ಅವನು. ಅಷ್ಟೇ.

ಮಾತಿಗೆ ತಪ್ಪದವನು. ಹೇಳಿಯೂ ಹೇಳಿದ. ಕೆಲವೇ ದಿನಗಳಲ್ಲಿ ಊರು ತಣ್ಣಗಾಯಿತು. ಚಾಚಾ ನನ್ನನ್ನು ಕಂಡರೆ ಟಯರಿಗೆ ಗಾಳಿ ಹಾಕುವುದರಲ್ಲಿ ಮುಳುಗಿಬಿಡುತ್ತಿದ್ದರು. ರೋಗಿಗಳು ಮೂರನೆಯ ಪ್ರಶ್ನೆಯನ್ನೇ ಬಿಟ್ಟುಬಿಟ್ಟರು. ನಾನು ಬೇಡಿದ್ದು ಇದನ್ನೇ, ಸಿಕ್ಕಿದ್ದೂ ಇದೇ. ಭಾನುವಾರ ಒಬ್ಬಳೇ ಹೋಟೆಲಿಗೆ ಹೋಗಿ ಇಡೀ ಮಸಾಲೆದೋಸೆ ತರಿಸಿದೆ, ಅರ್ಧ ಬಿಟ್ಟು ಎದ್ದೆ. ಬಿಗುಮಾನ ಬಿಟ್ಟು ಹೇಳುವುದಾದರೆ ನನಗೆ ಅವನು ಬೇಕಾಗಿದ್ದ. ಕೊಟ್ಟಿಗೆಯ ಕತ್ತಲಲ್ಲಿ ಹೆದರಿದ ಕರುವಿನ ಕಿವಿಯ ಹತ್ತಿರ ಅವನು ಆಡುತ್ತಿದ್ದ ಮಾತು ಬೇಕಾಗಿತ್ತು. ಆದರೆ ಸಾಕು ಎಂದವಳು ನಾನು, ಮತ್ತೆ ಬೇಕು ಎನ್ನಲು ಯಾವ ಬಾಯಿ?

ಆಗ ಮನ್ಮನೆಯ ಆ ಹಿರಿಯಾಕೆ ಹಲ್ಲುನೋವೆಂದು ಕ್ಲಿನಿಕ್ಕಿಗೆ ಬಂದರು. ಕೀಳಬೇಕಾದ ಹಲ್ಲು. ನಾನು ಇಕ್ಕಳ ಎತ್ತಿಕೊಂಡೆ. ಅವರು ಬಾಯಿ ತೆರೆಯಲಿಲ್ಲ. ನನ್ನ ಕೈ ಹಿಡಿದುಕೊಂಡರು.

"ತಂಗಿ, ಒಂದು ಮಾತು ಕೇಳ್ತೆ, ಬೇಜಾರು ಮಾಡ್ಕಳಡ. ನಮ್ಮ ಡಾಕ್ಟ್ರನ್ನ ನೀ ಎಂತಕ್ಕೆ ಬ್ಯಾಡ ಅಂದೆ?"

"ನಾನು ಬೇಡ ಅಂದೆನಾ?"

"ಮನೆಮನೆಗೂ ಬಂದು ಅವ್ರೇ ಹೇಳಿದ್ದ. ‘ಆನೇ ಮದುವೆ ಆಗ್ತ್ರಾ ಕೇಳಿದಿ, ಅವ್ರು ಒಪ್ಪಿದ್ವಿಲ್ಲೆ. ತಪ್ಪು ಅವರದ್ದಲ್ಲ, ಅವರ ಬಗ್ಗೆ ಯಾರೂ ಎಂತದೂ ಮಾತಾಡಡಿ’ ಹೇಳಿ. ಪಾಪ, ಎಷ್ಟು ಸಣ್ಣ ಮೋರೆ ಮಾಡ್ಕ್ಯಂಡು ಹೇಳಿದ್ದ ಗೊತ್ತಿದ್ದಾ?"

ನನಗೆ ಅರ್ಥವಾಗಲು ಕ್ಷಣ ಹಿಡಿಯಿತು. ಏನೂ ಇಲ್ಲ ಎಂದಿದ್ದರೆ, ತನಗೆ ಏನೂ ಆಗದವನ ಎಲೆಯಲ್ಲಿ ಉಂಡವಳು ಎಂದು ನನ್ನ ಹೆಸರು ಬೀದಿಗೆ ಬೀಳುತ್ತಿತ್ತು. ಹುಡುಗಿ ಒಪ್ಪಲಿಲ್ಲ ಎಂದರೆ ತಲೆ ತಗ್ಗಿಸಬೇಕಾದವನು ಅವನೊಬ್ಬನೇ. ಕೇಳದೆಯೇ ಕೇಳಿದೆನೆಂದು, ಬೇಡ ಅನ್ನಿಸಿಕೊಳ್ಳದೆಯೇ ಅನ್ನಿಸಿಕೊಂಡೆನೆಂದು ಇಡೀ ತಾಲ್ಲೂಕಿಗೆ ಹೇಳಿಕೊಂಡು ಬಂದಿದ್ದ ಪುಣ್ಯಾತ್ಮ.

ಇಕ್ಕಳ ಕೆಳಗಿಟ್ಟೆ. ಅಲ್ಲೇ, ಹಿರಿಯಾಕೆಯ ಎದುರಿಗೇ ಫೋನು ಮಾಡಿದೆ.

"ನೀವು ನನ್ನನ್ನು ಮದುವೆ ಆಗ್ತೀರಾ ಅಂತ ಕೇಳಿದ್ದು ಯಾವಾಗ?"

"ಕೇಳಿದ್ನಿಲ್ಲೆ" ಎಂದ, ಸಿಕ್ಕಿಬಿದ್ದವನ ದನಿಯಲ್ಲಿ.

"ಹಾಗಾದರೆ ನಾನು ಬೇಡ ಎಂದದ್ದು ಯಾವಾಗ?"

ಉತ್ತರಕ್ಕೆ ನಾನು ಕಾಯಲಿಲ್ಲ.

"ನಾನು ಅನ್ನದ ಮಾತನ್ನು ಊರಿಗೆಲ್ಲ ಹಂಚಿದ್ದೀರಿ. ಮೊದಲು ಕೇಳಬೇಕಿತ್ತು. ಕೇಳಿದ್ದರೆ ಬೇರೆ ಏನಾದರೂ ಹೇಳುತ್ತಿದ್ದೆನೋ ಏನೋ."

"ಫೋನಲ್ಲಿ ಕೇಳ್ತ್ನಿಲ್ಲೆ" ಎಂದ ಅವನು, ಅವಸರದಲ್ಲಿ. "ಬರ್ತೆ. ಈಗ್ಲೇ ಹೊರಟೆ."

ಹಿರಿಯಾಕೆಯ ಹಲ್ಲು ಕಿತ್ತು ಕಳಿಸಿದೆ. ಆಮೇಲೆ ಒಳಗೆ ಕೂರಲಾಗಲಿಲ್ಲ. ಹೊರಗೆ ಬಂದು, ಬೀದಿಗೆಲ್ಲ ಕಾಣುವ ಹಾಗೆ ಮೆಟ್ಟಿಲ ಮೇಲೆ ನಿಂತೆ. ಚಾಚಾ ಟಯರ್ ಬಿಟ್ಟು ತಲೆ ಎತ್ತಿ, "ಯಾರನ್ನ ಕಾಯ್ತಿದ್ದೀರಿ ಮೇಡಂ?" ಎಂದು ಅಂಜುತ್ತಲೇ ಕೇಳಿದರು. ಹಾದುಹೋಗುತ್ತಿದ್ದ ಇಬ್ಬರು ಹೆಂಗಸರೂ ಉತ್ತರಕ್ಕಾಗಿ ನಿಧಾನಿಸಿದರು.

"ನನ್ನ ಡಾಕ್ಟರನ್ನ" ಎಂದೆ, ಆ ಹೆಂಗಸರಿಗೂ ಕೇಳಿಸುವಷ್ಟು ಗಟ್ಟಿಯಾಗಿ.