ಪರದೆಯ ಹಿಂದಿನ ಚೆಲ್ಲೋ

ಬಾನುಲಿ ಕೇಂದ್ರದ ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟು ಇಡುವ ಗೂಡಿನ ಪಕ್ಕದಲ್ಲಿ ಒಂದು ಕೋಣೆ. ಅಲ್ಲಿ ಇಪ್ಪತ್ತೆಂಟು ವರ್ಷ ಕೂತು ಬೆನ್ನು ಬಗ್ಗಿಸಿಕೊಂಡವನು ರಬ್ಬರಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು, ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕೇಂದ್ರದ ವಾದ್ಯವೃಂದದಲ್ಲಿ ಮೂವತ್ತೊಂದು ಜನ. ಹೊಸ ಸಂಗೀತ ಬಂದಾಗಲೆಲ್ಲ ಆ ದೊಡ್ಡ ಹಾಳೆಯಿಂದ ಒಬ್ಬೊಬ್ಬರ ಪಾಲನ್ನೂ ಬಿಡಿಸಿ ಬೇರೆ ಬೇರೆ ಬರೆದುಕೊಡುವುದು ಇವನ ಕೆಲಸ. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಅಂಗಿಯ ಜೇಬಿನಲ್ಲಿ ಸದಾ ಒಂದು ರಬ್ಬರ್ ತುಂಡು, ಅದಕ್ಕೇ ಈ ಹೆಸರು.

ಕೈಬರಹದ ಕಾಲ ಹೋಗಿ ಕಂಪ್ಯೂಟರು ಬಂದು, ಸ್ವರಲಿಪಿ ಬರೆಯುವ ಸಾಫ್ಟ್‌ವೇರು ಬಂದ ಮೇಲೂ ಹೆಸರು ಬದಲಾಗಲಿಲ್ಲ. ಹೆಸರು ಬದಲಾಗುವುದು ದೊಡ್ಡವರಿಗೆ ಮಾತ್ರ ತಾನೇ!

ಅವನ ಅಕ್ಕ ಅದೇ ವಾದ್ಯವೃಂದದಲ್ಲಿ ಕಾಲುಗಳ ನಡುವೆ ನಿಲ್ಲಿಸಿ ಕಮಾನೆಳೆಯುವ ಆ ದೊಡ್ಡ ಪಿಟೀಲು, ಚೆಲ್ಲೋ ನುಡಿಸುತ್ತಿದ್ದಳು. ಮೊದಲ ಕುರ್ಚಿ, ಚೆಲ್ಲೋದವರಿಗೆಲ್ಲ ಮುಂದಾಳು. ಅಮ್ಮ ತೀರಿಕೊಂಡಾಗ ಇವನಿಗೆ ಒಂಬತ್ತು, ಅವಳಿಗೆ ಹದಿನೇಳು. ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು, ಚೆಲ್ಲೋ ಹಿಡಿಸಿದವಳೂ ಅವಳೇ. ಮದುವೆ ಗೋಜಿಗೆ ಇಬ್ಬರೂ ಹೋಗಲಿಲ್ಲ. ಒಂದೇ ಮನೆ, ಒಂದೇ ಅಡುಗೆ, ಬೆಳಿಗ್ಗೆ ಒಂದೇ ಬಸ್ಸು. ಕೇಂದ್ರದ ಬಾಗಿಲು ದಾಟಿದ ಮೇಲೆ ಮಾತ್ರ ಅವಳು ಮೆಟ್ಟಿಲು ಹತ್ತುತ್ತಿದ್ದಳು, ಇವನು ಮೆಟ್ಟಿಲ ಕೆಳಗೆ ಹೋಗುತ್ತಿದ್ದ.

ಈ ಮೆಟ್ಟಿಲೇ ಅವನ ಎದೆಯ ಮುಳ್ಳು. ವಾದ್ಯವೃಂದಕ್ಕೆ ಸೇರಬೇಕೆಂದರೆ ಪರದೆಯ ಹಿಂದೆ ಕೂತು ನುಡಿಸಬೇಕು. ಹೆಸರಿಲ್ಲ, ಮುಖವಿಲ್ಲ, ಒಂದು ನಂಬರು ಮಾತ್ರ. ಪರದೆಯ ಈಚೆ ಐವರು ಕೂತು ಬೇಕು ಅಥವಾ ಬೇಡ ಎಂದು ಕೈ ಎತ್ತುತ್ತಾರೆ. ರಬ್ಬರಣ್ಣ ಮೂರು ಸಲ ಕೂತ, ಮೂರು ಸಲವೂ ಬೇಡವಾದ. ಮೂರನೇ ಸಲ ಆ ಐವರಲ್ಲಿ ಅಕ್ಕನೂ ಇದ್ದಳು. ಅವಳಿಗೂ ಹೇಳದೆ ಅರ್ಜಿ ಹಾಕಿದ್ದ ಮಹಾನುಭಾವ ಇವನು. ಎರಡು ಕೈ ಬೇಕು, ಮೂರು ಕೈ ಬೇಡ. ಮನೆಗೆ ಬಂದು ಕೇಳಿದಾಗ ಅವಳು, "ನೀನು ಅಂತ ಗೊತ್ತಿರ್ಲಿಲ್ಲ ಕಣೋ" ಎಂದು ತಟ್ಟೆ ಹಾಕಿದಳು. ಆಮೇಲೆ ತಾನೇ ಓಡಾಡಿ ಈ ಬರೆಯುವ ಕೆಲಸ ಕೊಡಿಸಿದಳು. ಅವನು ಉಂಡ, ಕೆಲಸಕ್ಕೂ ಸೇರಿದ. ಆದರೆ ಮರೆಯಲಿಲ್ಲ.

ಕೇಂದ್ರಕ್ಕೆ ಹೊಸ ಸಾಹೇಬರು ಬಂದದ್ದು ಅದಾಗಿ ಇಪ್ಪತ್ತೆಂಟು ವರ್ಷಕ್ಕೆ. ತೆಳ್ಳನೆ ಮನುಷ್ಯ, ನಗು ಕೆನ್ನೆಯಿಂದ ಮೇಲಕ್ಕೆ ಏರುತ್ತಿರಲಿಲ್ಲ. ಒಂದು ದಿನ ಮೆಟ್ಟಿಲ ಕೆಳಗೇ ಇಳಿದು ಬಂದರು. ಅಷ್ಟು ವರ್ಷದಲ್ಲಿ ಆ ಕೋಣೆಗೆ ಕಾಲಿಟ್ಟ ಮೊದಲ ಸಾಹೇಬರು ಅವರೇ.

"ನೀವು ಬರೆದದ್ದನ್ನ ಈ ಯಂತ್ರ ನುಡಿಸಿ ತೋರಿಸುತ್ತಂತಲ್ಲ?"

"ತೋರಿಸುತ್ತೆ ಸರ್. ಆದ್ರೆ ಆಟದ ಪೀಪಿ ಊದಿದ ಹಾಗಿರುತ್ತೆ."

"ಚೆನ್ನಾಗಿ ನುಡಿಸೋ ಹಾಗೆ ಮಾಡಿ. ಏನು ಬೇಕೋ ತರಿಸ್ಕೊಳ್ಳಿ. ತಾಲೀಮಿಗೆ ಮುಂಚೆ ಸಂಗೀತ ಹೇಗಿದೆ ಅಂತ ಕೇಳಿಸ್ಕೊಳ್ಳೋಕೆ, ಅಷ್ಟೇ."

ಅಷ್ಟೇ! ಇರುವೆ ಬೆಲ್ಲ ಕಂಡ ಹಾಗಾಯಿತು ನಮ್ಮ ರಬ್ಬರಣ್ಣನಿಗೆ.

ತರಿಸಿಕೊಳ್ಳಬೇಕಾದದ್ದು ಸ್ಯಾಂಪಲ್ ಲೈಬ್ರರಿ. ಎಲ್ಲೋ ಒಂದು ಹಾಲಿನಲ್ಲಿ ನಿಜವಾದ ವಾದಕರನ್ನು ಕೂರಿಸಿ, ಒಂದೊಂದೇ ಸ್ವರವನ್ನು ಮೆಲ್ಲಗೆ, ಜೋರಾಗಿ, ಮೊಟಕಾಗಿ, ಉದ್ದಕ್ಕೆ, ಹತ್ತಾರು ಬಗೆಯಲ್ಲಿ ನುಡಿಸಿ ಹಿಡಿದಿಟ್ಟಿರುತ್ತಾರೆ. ಸಾಫ್ಟ್‌ವೇರು ಹಾಳೆಯ ಮೇಲಿನ ಗುರುತು ನೋಡಿ, ಸರಿಯಾದ ಸ್ವರವನ್ನು ಅಲ್ಲಿಂದ ಎತ್ತಿ ಜೋಡಿಸುತ್ತದೆ. ಹೇಳುವುದಕ್ಕೆ ಇಷ್ಟೇ. ಮಾಡುವವನ ಪಾಡು ಮಾಡುವವನಿಗೇ ಗೊತ್ತು.

ಮೊದಲು ಕೇಳಿದ ಲೈಬ್ರರಿ ದೊಡ್ಡ ಹಾಲಿನದು. ಉದ್ದ ಸ್ವರ ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು, ಆದರೆ ವೇಗದ ಸಾಲು ಬಂದರೆ ಸ್ವರದ ಮೇಲೆ ಸ್ವರ ಬಿದ್ದು ಕಲಸುಮೇಲೋಗರ. ಎರಡನೆಯದು ಗೋಡೆಗೆಲ್ಲ ಬಟ್ಟೆ ಹೊದಿಸಿದ ಕೋಣೆಯದು. ಎಲ್ಲ ಸ್ಪಷ್ಟ, ಜೀವ ಮಾತ್ರ ಇಲ್ಲ. ಮೂರನೆಯದರಲ್ಲಿ ಕೊಳಲು, ಓಬೋ ಚಿನ್ನದಂಥವು, ಪಿಟೀಲುಗಳು ಗಂಟಲು ಕಟ್ಟಿದಂಥವು. ಕೊನೆಗೆ ತಂತಿವಾದ್ಯಗಳನ್ನು ಎರಡನೆಯದರಿಂದ, ಊದುವ ವಾದ್ಯಗಳನ್ನು ಮೂರನೆಯದರಿಂದ ತೆಗೆದುಕೊಂಡ. ಆಗ ಇನ್ನೊಂದು ತಕರಾರು: ಪಿಟೀಲಿನವರು ಅಡುಗೆಮನೆಯಲ್ಲಿ, ಓಬೋದವನು ಬಚ್ಚಲಲ್ಲಿ ಕೂತು ನುಡಿಸಿದ ಹಾಗೆ! ಎಲ್ಲರನ್ನೂ ಒಂದೇ ಜಾಗದಲ್ಲಿ ಕೂರಿಸಬೇಕಿತ್ತು. ಒಂದು ಮಧ್ಯಾಹ್ನ ವಾದ್ಯವೃಂದ ಊಟಕ್ಕೆ ಹೋದಾಗ ಅವರು ನುಡಿಸುವ ಖಾಲಿ ಹಾಲಿಗೆ ನುಗ್ಗಿ, ಬಲೂನು ಊದಿ ಸೂಜಿ ಚುಚ್ಚಿ ಒಡೆದ. ಆ ಸದ್ದು ಗೋಡೆಗೆ, ಸೂರಿಗೆ ಬಡಿದು ಮರಳುವುದನ್ನೆಲ್ಲ ರೆಕಾರ್ಡು ಮಾಡಿಕೊಂಡು, ಅದೇ ಹಾಲಿನ ಗುಣವನ್ನು ಯಂತ್ರಕ್ಕೆ ತುಂಬಿದ. ಸದ್ದಿಗೆ ಬೆಚ್ಚಿ ಓಡಿಬಂದ ಕಾವಲಿನವನು, "ಏನ್ ಸಾರ್, ಹುಟ್ಟಿದಹಬ್ಬಾನಾ?" ಎಂದ.

ಆಮೇಲೆ ಶುರುವಾಯಿತು ನಿಜವಾದ ಹುಚ್ಚು. ಚುಕ್ಕೆ ಕಂಡರೆ ಮೊಟಕು ಸ್ವರ, ಸ್ವರಗಳ ಮೇಲೆ ಬಾಗಿದ ಗೆರೆ ಕಂಡರೆ ಕೂಡಿಸಿದ ಸ್ವರ, ಬೆರಳಲ್ಲಿ ಮೀಟು ಎಂದರೆ ಮೀಟಿದ್ದು. ಒಂದೊಂದು ವಾದ್ಯಕ್ಕೂ ನಲವತ್ತು ಐವತ್ತು ಗುರುತು ಹೊಂದಿಸಿದ. ಅಷ್ಟಕ್ಕೂ ಅವನಿಗೆ ತೃಪ್ತಿಯಿಲ್ಲ. ಎರಡನೇ ಪಿಟೀಲಿನ ಮುದುಕ ಸದಾ ಕೂದಲೆಳೆಯಷ್ಟು ತಡ. ತಡ ಮಾಡಿಸಿದ. ಓಬೋದವನು ಉದ್ದ ಸಾಲಿಗೆ ಮುಂಚೆ ಉಸಿರೆಳೆಯುತ್ತಾನೆ. ಎಳೆಸಿದ. ಅಕ್ಕ ಎಳೆದ ಕಮಾನನ್ನು ಹಿಂದಕ್ಕೆ ತಿರುಗಿಸುವ ಮುನ್ನ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ತಡೆಯುತ್ತಾಳೆ. ಅದು ಯಾವ ಹಾಳೆಯಲ್ಲೂ ಬರೆದಿರುವುದಿಲ್ಲ, ಬೇರೆ ಯಾರೂ ಹಾಗೆ ಮಾಡುವುದಿಲ್ಲ. ಅದೊಂದನ್ನು ಕೂರಿಸುವುದಕ್ಕೇ ಹನ್ನೊಂದು ದಿನ ತೆಗೆದುಕೊಂಡ.

"ಸ್ವರ ತಪ್ಪಿದೆಯೋ ಇಲ್ವೋ ಗೊತ್ತಾದ್ರೆ ಸಾಕಲ್ವೇನೋ? ಅದಕ್ಕೆ ಯಾಕಿಷ್ಟು ಒದ್ದಾಟ?" ಎಂದಳು ಅಕ್ಕ, ಬಸ್ಸಿನಲ್ಲಿ.

"ಮಾಡೋದನ್ನ ನೆಟ್ಟಗೆ ಮಾಡು ಅಂತ ಹೇಳ್ಕೊಟ್ಟೋಳು ನೀನೇ ಅಲ್ವಾ?"

ಅವಳು ಕಿಟಕಿಯ ಕಡೆ ತಿರುಗಿದಳು. ಕೊಡಲಿ ಕಾವು ಕುಲಕ್ಕೆ ಮೃತ್ಯು ಅನ್ನುತ್ತಾರೆ. ಆದರೆ ಕೊಡಲಿ ಹಿಡಿದವನು ಮರಕ್ಕೆ ಮೊದಲೇ ಸುಳಿವು ಕೊಡುವುದಿಲ್ಲವಲ್ಲ.

ಕೆಲಸ ಮುಗಿದ ವಾರವೇ ಸಾಹೇಬರು ನೋಟೀಸು ಹಚ್ಚಿಸಿದರು. ವಾದ್ಯವೃಂದ ಇನ್ನೂ ಬೇಕೇ ಎಂಬ ಪ್ರಶ್ನೆ ಮೇಲಿನಿಂದ ಬಂದಿದೆ. ನ್ಯಾಯವಾಗಿ, ಇಲ್ಲಿನ ಪದ್ಧತಿಯಂತೆ ಪರದೆಯ ಪರೀಕ್ಷೆಯಿಂದಲೇ ತೀರ್ಮಾನಿಸೋಣ. ಒಂದೇ ಸಂಗೀತ ಎರಡು ಸಲ, ಎರಡೂ ಸ್ಪೀಕರಿನಿಂದ. ಒಂದು ವಾದ್ಯವೃಂದದ ರೆಕಾರ್ಡು, ಇನ್ನೊಂದು ಯಂತ್ರದ್ದು. ಐವರು ಕೇಳಿ ವಾದ್ಯವೃಂದ ಯಾವುದೆಂದು ಹೇಳಬೇಕು. ಹೆಚ್ಚು ಜನ ಸರಿಯಾಗಿ ಗುರುತಿಸಿದರೆ ಮೂವತ್ತೊಂದು ಜನವೂ ಉಳಿಯುತ್ತಾರೆ. ತಪ್ಪಿದರೆ ತಿಂಗಳ ಕೊನೆಗೆ ಎಲ್ಲರೂ ಮನೆಗೆ. ಐವರಲ್ಲಿ ವಾದಕರ ಪರವಾಗಿ ಅಕ್ಕ.

ರಬ್ಬರಣ್ಣ ನೋಟೀಸನ್ನು ಎರಡು ಸಲ ಓದಿದ. "ತಾಲೀಮಿಗೆ ಮಾತ್ರ ಅಂದಿದ್ರಿ ಸರ್" ಎಂದು ಹೋಗಿ ಕೇಳಿದ.

"ಅಂದಿದ್ದೆ. ಆದ್ರೆ ಇಷ್ಟು ಚೆನ್ನಾಗಿ ಮಾಡ್ತೀರಿ ಅಂತ ಯಾರಿಗೆ ಗೊತ್ತಿತ್ತು?" ಎಂದರು ಸಾಹೇಬರು.

ವಾದಕರಿಗೆ ಭಯವಿರಲಿಲ್ಲ. ಪೆಟ್ಟಿಗೆಗೂ ಮನುಷ್ಯನಿಗೂ ವ್ಯತ್ಯಾಸ ತಿಳಿಯದಷ್ಟು ಕಿವುಡರೇ ನಾವು ಎಂದು ನಕ್ಕರು. ಅಕ್ಕನಂತೂ, "ನಿನ್ನ ಯಂತ್ರ ಮೊದಲ ಸಾಲಲ್ಲೇ ಸಿಕ್ಕಿಬೀಳುತ್ತೆ ನೋಡ್ತಿರು" ಎಂದು ತಮ್ಮನ ತಲೆಗೆ ಮೊಟಕಿದಳು.

ಆ ಮಾತು ಅವನಿಗೆ ಚುಚ್ಚಿತು. ದಾರಿ ಅವನ ಕೈಯಲ್ಲೇ ಇತ್ತು, ಇದನ್ನು ಮರೆಯಬಾರದು. ಕೊಡಬೇಕಾದ ಫೈಲನ್ನು ಹಳೆಯ ಪೀಪಿಯ ಸದ್ದಿನಲ್ಲಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ಗುರುತುಗಳನ್ನೆಲ್ಲ ತೆಗೆದು ಹಾಕುವ ಗುಂಡಿಯ ಮೇಲೆ ಬೆರಳಿಟ್ಟು ಒಂದು ಮಧ್ಯಾಹ್ನವಿಡೀ ಕೂತ. ಅಕ್ಕನ ಕಿವಿಗೆ ಮೋಸ ಆಗಲಾರದು ಎಂದು ಒಂದು ಮನಸ್ಸು ಹೇಳಿತು. ಇನ್ನೊಂದು ಮನಸ್ಸು ಮೆಲ್ಲಗೆ ಕೇಳಿತು: ಒಂದು ವೇಳೆ ಆದರೆ? ಪರದೆಯ ಹಿಂದಿನಿಂದ ಒಂದೇ ಒಂದು ಸಲ ಬೇಕು ಅನ್ನಿಸಿಕೊಂಡರೆ? ಬೆರಳು ತೆಗೆದ, ಫೈಲನ್ನು ಹಾಗೇ ಕೊಟ್ಟ. ಥೂ, ಅವನ ಹಟವೇ!

ಅತ್ತ ವಾದ್ಯವೃಂದದ ರೆಕಾರ್ಡು ಮಾಡಿದ ದಿನ ಸಾಹೇಬರು ಕೈಯಲ್ಲಿ ಕಾಗದ ಹಿಡಿದು ಎದುರಿಗೇ ಕೂತಿದ್ದರು. ನಗುತ್ತಿದ್ದವರ ನಗು ಅಲ್ಲೇ ಇಂಗಿತು. ಸಣ್ಣ ತಪ್ಪು ಸಿಕ್ಕರೂ ಬರೆದುಕೊಳ್ಳುತ್ತಾರೆ ಎಂಬ ಹೆದರಿಕೆ. ಎರಡನೇ ಪಿಟೀಲಿನ ಮುದುಕ ಜೀವಮಾನದಲ್ಲಿ ಮೊದಲ ಸಲ ತಡ ಮಾಡದೆ ನುಡಿಸಿದ. ಓಬೋದವನು ಉಸಿರನ್ನು ನುಂಗಿದ. ಅಕ್ಕ ತನಗೇ ಅರಿವಿಲ್ಲದೆ ಕಮಾನನ್ನು ಎಲ್ಲೂ ತಡೆಯದೆ, ಗಡಿಯಾರದ ಮುಳ್ಳಿನ ಹಾಗೆ ತಿರುಗಿಸಿದಳು. ಮೂವತ್ತೊಂದು ಜನ ಹೆದರಿ ಯಂತ್ರವಾದರು. ಇತ್ತ ಯಂತ್ರವನ್ನು ಮನುಷ್ಯ ಮಾಡಿಟ್ಟು ಕೂತಿದ್ದ ಇವನು.

ಪರೀಕ್ಷೆಯ ದಿನ ಪರದೆಯ ಹಿಂದೆ ರಬ್ಬರಣ್ಣನೇ ಇದ್ದ, ಎರಡೂ ಫೈಲು ಹಾಕುವುದಕ್ಕೆ. ಮೊದಲು ವಾದ್ಯವೃಂದ, ಆಮೇಲೆ ಯಂತ್ರ. ಮುಗಿದ ಮೇಲೆ ಕೆಮ್ಮು, ಕುರ್ಚಿ ಎಳೆದ ಸದ್ದು. ವಾದ್ಯವೃಂದದ ಮುಖ್ಯಸ್ಥರು ಮೊದಲನೆಯದು ಎಂದರು. ಹೊರಗಿನಿಂದ ಬಂದ ಇಬ್ಬರು ಸಂಗೀತಗಾರರಲ್ಲಿ ಒಬ್ಬರು ಮೊದಲನೆಯದು, ಇನ್ನೊಬ್ಬರು ಎರಡನೆಯದು. ಸಾಹೇಬರು ಎರಡನೆಯದು. ಎರಡಕ್ಕೆ ಎರಡು.

"ಇದಕ್ಕೆ ಯೋಚನೆ ಬೇರೆ ಬೇಕಾ?" ಎಂದು ಕೈ ಎತ್ತಿದಳು ಅಕ್ಕ. ದನಿಯಲ್ಲಿ ಹೆಮ್ಮೆಯಿತ್ತು. "ಎರಡನೇದೇ ನಾವು. ನಮ್ಮ ಮುದುಕ ತಡ ಮಾಡಿದ್ದು ಕೇಳಿಸ್ಲಿಲ್ವಾ? ಕಮಾನು ತಿರುಗಿಸೋ ಮುಂಚೆ ತಡೆದದ್ದು ನಾನೇ. ಪ್ರಪಂಚದಲ್ಲಿ ಇನ್ಯಾರೂ ಹಾಗೆ ಮಾಡಲ್ಲ."

ಸಾಹೇಬರು ಪರದೆ ಸರಿಸಿ ಎಂದರು. ರಬ್ಬರಣ್ಣ ಹಗ್ಗ ಎಳೆದ. ಅವನ ಮುಖ ನೋಡಿದೊಡನೆ ಅಕ್ಕನಿಗೆ ಎಲ್ಲ ತಿಳಿಯಿತು. ಎತ್ತಿದ ಕೈಯನ್ನು ಇಳಿಸುವುದನ್ನೂ ಮರೆತು ನಿಂತಳು.

ಬೇಕು ಅನ್ನಿಸಿಕೊಂಡ ಮಹರಾಯ! ಆ ಒಂದು ಗಳಿಗೆ ಎದೆಯಲ್ಲಿ ಖುಷಿ ಚಿಮ್ಮಿದ್ದು ನಿಜ. ಅದಕ್ಕಾಗಿ ಅವನು ತನ್ನನ್ನು ಕೊನೆಯವರೆಗೂ ಕ್ಷಮಿಸಿಕೊಳ್ಳಲಿಲ್ಲ.

ತಿಂಗಳ ಕೊನೆಗೆ ಮೂವತ್ತೊಂದು ಕುರ್ಚಿ ಒಂದರ ಮೇಲೊಂದು ಪೇರಿಸಿಕೊಂಡು ಗೋಡೆ ಸೇರಿದವು. ರಬ್ಬರಣ್ಣನಿಗೆ ಮೆಟ್ಟಿಲ ಮೇಲೆ, ಕಿಟಕಿಯಿದ್ದ ಕೋಣೆ ಕೊಟ್ಟರು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವನ ಹಾಗೆ ಅವನು ಸಾಹೇಬರ ಬಳಿ ಹೋಗಿ, ಪರೀಕ್ಷೆ ಸರಿಯಾಗಲಿಲ್ಲ, ಇನ್ನೊಮ್ಮೆ ಮಾಡಿ ಎಂದು ಗೋಗರೆದ. "ನಿಮ್ಮಕ್ಕನೇ ಒಪ್ಪಿದಾರಲ್ರೀ" ಎಂದರು ಅವರು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೆಳಿಗ್ಗೆ ಅವನ ಡಬ್ಬಿ ತುಂಬಿಸಿ ಕೊಡುತ್ತಿದ್ದಳು, ಬಸ್ಸಿಗೆ ಅವನೊಬ್ಬನೇ ಹೋಗುತ್ತಿದ್ದ. ಹದಿನೈದು ದಿನದ ಮೇಲೆ ಒಂದೇ ಮಾತು ಕೇಳಿದಳು: "ಆ ತಡೆಯೋದು, ಅದು ಯಂತ್ರದಲ್ಲಿ ಇನ್ನೂ ಇದೆಯಾ?"

"ಇದೆ."

"ತೆಗೆದುಬಿಡು. ಅದು ನಂದು."

ಮಾರನೆಯ ದಿನ ತೆಗೆಯಲು ಹೊರಟರೆ ಸಾಹೇಬರು, "ಹುಚ್ಚೇನ್ರೀ? ಎಲ್ಲರೂ ಹೊಗಳೋದೇ ಅದನ್ನ" ಎಂದು ಕಟ್ಟಪ್ಪಣೆ ಮಾಡಿದರು. ರಬ್ಬರಣ್ಣ ತಲೆ ಆಡಿಸಿದ. ಸಾವಿರಾರು ಸ್ವರ ಅಳಿಸಿದ ಕೈಗೆ ಅದೊಂದನ್ನು ಅಳಿಸಲಾಗಲಿಲ್ಲ. ಮನೆಗೆ ಬಂದು, "ತೆಗೆದೆ ಅಕ್ಕಾ" ಎಂದ.

ಮುಂದಿನ ಭಾನುವಾರ ಸಂಜೆ ರೇಡಿಯೋದಲ್ಲಿ ನಾಟಕ. ಅಕ್ಕ ಸೊಪ್ಪು ಬಿಡಿಸುತ್ತಿದ್ದಳು, ಇವನು ಎದುರಿಗೆ ಕೂತಿದ್ದ. ನಡುವೆ ಚೆಲ್ಲೋ ಬಂತು. ಕಮಾನು ತಿರುಗುವ ಮುನ್ನ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ತಡೆಯಿತು. ಅಕ್ಕನ ಕೈ ನಿಂತಿತು. ಎದ್ದು ಹೋಗಿ ರೇಡಿಯೋ ಆರಿಸಿದಳು.

"ಅಕ್ಕಾ, ಸಾಹೇಬರು..."

"ಮೂರನೇ ಸಲ ಪರದೆ ಹಿಂದೆ ಕೂತಿದ್ಯಲ್ಲ, ನೀನೇ ಅಂತ ನಂಗೆ ಅವತ್ತೇ ಗೊತ್ತಾಗಿತ್ತು. ಗೊತ್ತಿದ್ದೇ ಬೇಡ ಅಂದೆ."

"ಯಾಕೆ?" ಎಂದ.

"ಅವತ್ತೂ ನೀನು ನಿನ್ನ ಹಾಗೆ ನುಡಿಸ್ಲಿಲ್ಲ. ನನ್ನ ಹಾಗೆ ನುಡಿಸಿದೆ."

ಅಷ್ಟು ಹೇಳಿ ಅಕ್ಕ ಕೂತಳು, ಉಳಿದ ಸೊಪ್ಪು ಬಿಡಿಸತೊಡಗಿದಳು.